ರೀಲ್‌ನಲ್ಲಿ 9 ಟಚ್, ಕ್ಲಾಸಲ್ಲಿ 37: ಫುಟ್ಸಾಲ್ ಅಕಾಡೆಮಿ ನಡೀತಿರೋದು ಯಾರಿಗೋಸ್ಕರ?

ಶನಿವಾರ ಬೆಳಗ್ಗೆ ಏಳೂವರೆ, ನಾಗರಭಾವಿ ಕಡೆ ಒಂದು ಟರ್ಫ್ (ಬಾಡಿಗೆಗೆ ಸಿಗೋ ಪ್ಲಾಸ್ಟಿಕ್ ಹುಲ್ಲಿನ ಅಂಗಳ), ಸುತ್ತ ಹಸಿರು ಬಲೆ, ಬಲೆ ಆಚೆ ನಾವು ಹತ್ತು ಹನ್ನೆರಡು ಜನ ಅಪ್ಪ ಅಮ್ಮಂದಿರು ಪೇಪರ್ ಕಪ್ಪಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ವಿ. ಒಳಗೆ ಫುಟ್ಸಾಲ್, ಅಂದ್ರೆ ಸಣ್ಣ ಅಂಗಳದಲ್ಲಿ ಐದೈದು ಜನ ಆಡೋ ಫುಟ್‌ಬಾಲ್, ಕಲಿಯೋಕೆ ಬಂದ 26 ಮಕ್ಕಳು. ಅದ್ರಲ್ಲಿ ಹೆಣ್ಮಕ್ಕಳು ಇಬ್ರೇ, ಒಬ್ಬಳು ನನ್ನ ಮಗಳು, ಹತ್ತು ವರ್ಷ. ಕ್ಲಾಸ್ ಶುರುವಾಗಿ ಅರ್ಧ ಗಂಟೆ ಆಗಿತ್ತೋ ಇಲ್ವೋ, ಕೋಚ್ ಸೀಟಿ ಊದಿ ಎಲ್ರನ್ನೂ ಬಲೆ ಪಕ್ಕ ಕೂರಿಸಿದ್ರು, ಟ್ರೈಪಾಡ್ ಬಂತು, ರಿಂಗ್ ಲೈಟ್ ಕೂಡ ಬಂತು (ಬೆಳಗ್ಗೆ ಏಳೂವರೆಗೆ ಬಿಸಿಲಲ್ಲಿ ರಿಂಗ್ ಲೈಟ್ ಯಾಕೋ ನಂಗಿನ್ನೂ ಗೊತ್ತಾಗಿಲ್ಲ), ಆಮೇಲೆ ನನ್ನ ಮಗಳನ್ನ ಕರೆದು "ಪುಟ್ಟಾ ನೀನು ಮುಂದೆ ಬಾ, ಆ ಬಿಬ್ ತೆಗಿ, ಜರ್ಸಿ ಮೇಲಿನ ಲೋಗೋ ಕಾಣ್ಬೇಕು" ಅಂದ್ರು. ಕೋನ್‌ಗಳ ಮಧ್ಯೆ ಬಾಲ್ ತಗೊಂಡು ಓಡ್ಬೇಕು, ಕೊನೇಲಿ ಗೋಲ್ ಹೊಡೀಬೇಕು, ಹೊಡೆದ ಮೇಲೆ ಕ್ಯಾಮೆರಾ ಕಡೆ ಓಡಿ ಬಂದು ಕೈ ಕಟ್ಟಿ ನಿಲ್ಬೇಕು. ನಾಲ್ಕು ಟೇಕ್ ಆಯ್ತು. ಮಿಕ್ಕ 25 ಮಕ್ಕಳು ಟರ್ಫ್ ಹುಲ್ಲಲ್ಲಿರೋ ರಬ್ಬರ್ ಪುಡಿ ಕೆರೀತಾ ಕೂತಿದ್ವು.

ಅವತ್ತು ನಾನು ಒಂದು ಕೆಲಸ ಮಾಡಿದ್ದೆ. ಜೇಬಲ್ಲಿದ್ದ ಪೆಟ್ರೋಲ್ ಬಂಕ್ ಬಿಲ್ ಹಿಂದೆ, ಮಗಳು ಬಾಲ್ ಮುಟ್ಟಿದಾಗೆಲ್ಲ ಒಂದೊಂದು ಗೆರೆ ಎಳೀತಾ ಹೋದೆ. ಒಂದು ಗಂಟೆ ಕ್ಲಾಸಲ್ಲಿ ಒಟ್ಟು 37 ಗೆರೆ. ಸಂಜೆ ರೀಲ್ ಬಂತು, 14 ಸೆಕೆಂಡ್, ಕೆಳಗೆ "ಗರ್ಲ್ಸ್ ರೂಲ್ ದ ಟರ್ಫ್, ಲಿಮಿಟೆಡ್ ಸೀಟ್ಸ್" ಅಂತ. ಆ 14 ಸೆಕೆಂಡಲ್ಲಿ ಅವಳು 9 ಸಲ ಬಾಲ್ ಮುಟ್ಟಿದ್ಲು. ನಮ್ಮ ನಾದಿನಿ ಫ್ಯಾಮಿಲಿ ಗ್ರೂಪಲ್ಲಿ ಹಾಕಿ "ಏನ್ ಆಡ್ತಾಳ್ರೀ ನಿಮ್ ಮಗಳು!" ಅಂದ್ಲು. ನಾನೂ ಹಾರ್ಟ್ ಹಾಕ್ದೆ, ಸುಳ್ಳು ಯಾಕೆ ಹೇಳ್ಲಿ.

ಈಗ ಬೆಂಗಳೂರಲ್ಲಿ ಯಾವ ಬಡಾವಣೆಗೆ ಹೋದ್ರೂ ಎರಡು ಟರ್ಫ್, ಟರ್ಫ್‌ಗೆ ಮೂರು ಅಕಾಡೆಮಿ ಅನ್ನೋ ಹಂಗಾಗಿದೆ. ಪೇರೆಂಟ್ಸ್ ಸೇರಿದ ಕಡೆ ಎಲ್ಲ ಅದೇ ಗೊಣಗಾಟ, ಫೀಸ್ ಜಾಸ್ತಿ, ಬ್ಯಾಚ್ ದೊಡ್ಡದು, ಕೋಚ್ ತಿಂಗಳಿಗೊಬ್ರು ಬದಲಾಗ್ತಾರೆ, ಕೇಳಿದ್ರೆ ಗ್ರೂಪಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕ್ಬೋದು ಅಂತ ಸೆಟ್ ಮಾಡಿಟ್ಟಿರ್ತಾರೆ. ಇದನ್ನ "ಎಲ್ಲ ದುಡ್ಡಿನ ಆಟ" ಅಂತ ಬೈದು ಬಿಡೋದು ಸುಲಭ. ನಂಗನ್ಸೋದು ಬೇರೆ. ರೀಲ್ ಮೇಲೆ ಓಡೋ ಅಕಾಡೆಮಿಗೆ ಗಿರಾಕಿ ಅಂದ್ರೆ ಈಗಾಗ್ಲೇ ಫೀಸ್ ಕಟ್ಟಿರೋ ನಾವಲ್ಲ, ಇನ್ನೂ ಕಟ್ಟದೇ ಇರೋ ಬೇರೆ ಯಾರೋ ಅಪ್ಪ ಅಮ್ಮ. ಕ್ಲಾಸ್ ನಿಧಾನಕ್ಕೆ ಅವ್ರ ಕಣ್ಣಿಗೆ ತಕ್ಕಂಗೆ ಬದಲಾಗುತ್ತೆ. ನಮ್ಮ ಮಕ್ಕಳು ಅಲ್ಲಿ ಕಲಿಯೋಕೆ ಹೋದ್ರೂ ಅರ್ಧ ಟೈಮ್ ಜಾಹೀರಾತಿಗೆ ಬಿಟ್ಟಿ ಕೂಲಿ ಮಾಡ್ತಿರ್ತಾರೆ.

ಮೊದಲು ಈ ಫುಟ್ಸಾಲ್ ಅಂದ್ರೇನು ಅಂತ ನೋಡೋಣ, ಯಾಕಂದ್ರೆ ಬೋರ್ಡಲ್ಲಿ ಇರೋದೇ ಒಂದು, ಒಳಗೆ ನಡೆಯೋದೇ ಇನ್ನೊಂದು. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೋದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಅನ್ನೋ ಮೇಷ್ಟ್ರು ವೈಎಂಸಿಎ ಹುಡುಗರಿಗೋಸ್ಕರ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಅಳತೆಯಲ್ಲಿ ಆಡೋಕೆ ಮಾಡಿದ ಆಟ ಇದು. ಒಂದೊಂದು ಟೀಮಲ್ಲಿ ಐದು ಜನ, ಅದ್ರಲ್ಲಿ ಒಬ್ಬ ಗೋಲ್‌ಕೀಪರ್. 20 ನಿಮಿಷದ ಎರಡು ಹಾಫ್, ಬಾಲ್ ಹೊರಗೆ ಹೋದ್ರೆ ಗಡಿಯಾರನೂ ನಿಲ್ಲುತ್ತೆ. ಬಾಲ್ ಸೈಜ್ 4, ಅದೂ ಹೆಚ್ಚು ಪುಟಿಯದ ಬಾಲ್, 2 ಮೀಟರ್ ಮೇಲಿಂದ ಬಿಟ್ರೆ 65 ಸೆಂಟಿಮೀಟರ್‌ಗಿಂತ ಜಾಸ್ತಿ ಏಳಬಾರ್ದು. ಅದಕ್ಕೇ ಅದು ಕಾಲಲ್ಲೇ ಇರುತ್ತೆ. ನೆಲ ಗಟ್ಟಿ, ಮರದ್ದೋ ಸಿಂಥೆಟಿಕ್ಕೋ. ಬಾಲ್ ಪಕ್ಕದ ಗೆರೆ ದಾಟಿದ್ರೆ 4 ಸೆಕೆಂಡ್ ಒಳಗೆ ಕಿಕ್-ಇನ್ ತಗೋಬೇಕು, ಅಂದ್ರೆ ಗೆರೆ ಮೇಲಿಟ್ಟು ಕಾಲಲ್ಲೇ ಒಳಗೆ ಒದೀಬೇಕು, ಇಲ್ಲಾಂದ್ರೆ ಎದುರು ಟೀಮ್‌ಗೆ. ಆಟದ ಜೀವ ಇರೋದೇ ಇಲ್ಲಿ, ಯೋಚನೆ ಮಾಡೋಕೆ ಟೈಮ್ ಇಲ್ಲ, ಜಾಗ ಇಲ್ಲ, ಬಾಲ್ ಮತ್ತೆ ಮತ್ತೆ ನಿನ್ನ ಹತ್ರನೇ ಬರುತ್ತೆ. ಬ್ರೆಜಿಲ್‌ನ ರೊನಾಲ್ಡಿನ್ಯೊ, ನೇಮಾರ್ ಚಿಕ್ಕೋರಿದ್ದಾಗ ಇದನ್ನ ಆಡಿದ್ರು ಅಂತ ನಮ್ಮ ಅಕಾಡೆಮಿಗಳು ಪೋಸ್ಟರ್ ಮೇಲೆ ಹಾಕ್ತಾರಲ್ಲ, ಅದು ನಿಜಾನೇ. ಆದ್ರೆ ಅವ್ರು ಆಡಿದ್ದು ಮ್ಯಾಚು, ಕೋನ್ ಸುತ್ತೋದಲ್ಲ.

ನಮ್ಮಲ್ಲಿ ಫುಟ್ಸಾಲ್ ಅಂತ ಮಾರೋದು ಹೆಚ್ಚುಕಮ್ಮಿ ಎಲ್ಲ ಕಡೆ ಪ್ಲಾಸ್ಟಿಕ್ ಹುಲ್ಲಿನ ಮೇಲೆ, ಪುಟಿಯೋ ಮಾಮೂಲಿ ಬಾಲಲ್ಲಿ ಆಡೋ ಫೈವ್-ಎ-ಸೈಡ್. ಬಾಲ್ ಹೊರಗೆ ಹೋಗೋದೇ ಇಲ್ಲ, ಬಲೆಗೆ ಬಡಿದು ವಾಪಸ್ ಬರುತ್ತೆ. ಅದೂ ಒಳ್ಳೇ ಆಟನೇ, ನಾನೂ ಆಫೀಸ್‌ನೋರ ಜೊತೆ ಬುಧವಾರ ಬುಧವಾರ ಆಡ್ತೀನಿ, ಮಂಡಿ ನೋವು ತರ್ತೀನಿ. ಆದ್ರೆ ಅದಕ್ಕೆ ಫುಟ್ಸಾಲ್ ಟ್ರೈನಿಂಗ್ ಅಂತ ಹೆಸರಿಟ್ಟು, ಬ್ರೆಜಿಲ್ ಮೆಥಡ್ ಅಂತ ಬಾಲ ಹಚ್ಚಿ, ಮಾಮೂಲಿ ಫುಟ್‌ಬಾಲ್ ಕ್ಲಾಸ್‌ಗಿಂತ ಜಾಸ್ತಿ ಫೀಸ್ ತಗೊಳ್ಳೋದಾದ್ರೆ ಒಂದು ಫುಟ್ಸಾಲ್ ಬಾಲ್ ಆದ್ರೂ ತಂದಿಡ್ಬೇಕಲ್ವ. ನಮ್ಮ ಕೋಚ್‌ನ ಕೇಳಿದ್ದಕ್ಕೆ "ಸರ್, ಆ ಬಾಲ್ ಟರ್ಫ್ ಮೇಲೆ ಉರುಳಲ್ಲ" ಅಂದ್ರು. ಸರಿಯಾಗೇ ಹೇಳಿದ್ರು ಪಾಪ, ಹುಲ್ಲಿನ ಮೇಲೆ ಅದು ಎಳೆದಂಗೆ ಆಗುತ್ತೆ. ಅದ್ರರ್ಥ ಅದು ಫುಟ್ಸಾಲ್ ಆಡೋ ಜಾಗ ಅಲ್ಲ ಅಂತ ತಾನೆ!

ಈಗ ದುಡ್ಡಿನ ಲೆಕ್ಕ. ಅಂದಾಜಿಗೆ ಅಂತ ಹಿಡ್ಕೊಳ್ಳಿ, ನಿಮ್ಮ ಏರಿಯಾ ರೇಟ್ ಹಾಕಿ ನೀವೇ ನೋಡ್ಬೋದು. ಬೆಳಗ್ಗೆ ಹೊತ್ತು ಟರ್ಫ್ ಬಾಡಿಗೆ ಗಂಟೆಗೆ 1,000 ರೂಪಾಯಿ, ವಾರಕ್ಕೆ ಮೂರು ಕ್ಲಾಸ್, ತಿಂಗಳಿಗೆ 12 ಗಂಟೆ, 12,000. ಇಬ್ಬರು ಕೋಚ್‌ಗೆ ಆ ಬ್ಯಾಚಿನ ಲೆಕ್ಕದಲ್ಲಿ ಒಟ್ಟು 16,000. ಮಗುವಿಗೆ ಫೀಸ್ 3,000. ಹತ್ತು ಮಕ್ಕಳಿದ್ರೆ ಬರೋದು 30,000, ಖರ್ಚು 28,000, ಅಲ್ಲಿಗೆ ಓನರ್‌ಗೆ ಉಳಿಯೋದು ಕಾಫಿ ದುಡ್ಡು. 11ನೇ ಮಗುವಿಂದ ಆಚೆಗೆ ಪ್ರತಿ 3,000 ಬಹುತೇಕ ಸೀದಾ ಜೇಬಿಗೆ, ಯಾಕಂದ್ರೆ ಟರ್ಫ್ ಬಾಡಿಗೆ ಹೆಚ್ಚಾಗಲ್ಲ, ಕೋಚ್ ಸಂಬಳ ಹೆಚ್ಚಾಗಲ್ಲ. ಹಾಗಾಗಿ ಬ್ಯಾಚು ತಾನಾಗೇ 20 ಆಗುತ್ತೆ, 26 ಆಗುತ್ತೆ, ಅಪ್ಪ ಅಮ್ಮಂದಿರು ಬಾಯಿ ಬಿಡೋ ತನಕ ಬೆಳೀತಾ ಹೋಗುತ್ತೆ. ಸಂಜೆ ಹೊತ್ತಿಗೆ ಮಾಡೋಣ ಅಂದ್ರೆ ಅದು ಐಟಿ ಜನ ದುಪ್ಪಟ್ಟು ಕೊಟ್ಟು ಬುಕ್ ಮಾಡೋ ಹೊತ್ತು, ಮಕ್ಕಳಿಗೆ ಸಿಗೋದು ಯಾರಿಗೂ ಬೇಡದ ಬೆಳಗ್ಗೆ ಮತ್ತೆ ಮಟಮಟ ಮಧ್ಯಾಹ್ನ ಮೂರೂವರೆ.

ಇನ್ನೊಂದು ಕಡೆ ಮಕ್ಕಳು ಬಿಡ್ತಾನೇ ಇರ್ತಾರೆ. ಎಕ್ಸಾಮ್ ಅಂತ ಬಿಡ್ತಾರೆ, ಮಳೆ ಅಂತ ಬಿಡ್ತಾರೆ, ಈಜು ಅಂತ ಹೋಗ್ತಾರೆ, ಕೆಲವ್ರು ಬರೀ ಬೇಜಾರಾಗಿ ಬಿಡ್ತಾರೆ. ಮೂರು ತಿಂಗಳ ಟರ್ಮ್ ಮುಗಿಯೋ ಹೊತ್ತಿಗೆ ಎಂಟು ಮಕ್ಕಳು ಹೋದ್ರೆ ಎಂಟು ಹೊಸ ಮಕ್ಕಳು ಬರ್ಲೇಬೇಕು. ಇಲ್ಲಿ ಓನರ್‌ಗೆ ಎರಡು ದಾರಿ ಇದೆ, ಇರೋ ಮಕ್ಕಳು ಬಿಡದಂಗೆ ಚೆನ್ನಾಗಿ ಕಲಿಸೋದು, ಅಥವಾ ಹೊಸಬರನ್ನ ತರೋದು. ಮೊದಲನೇದು ನಿಧಾನ, ಒಳ್ಳೇ ಕೋಚ್ ಬೇಕು, ಸಂಬಳ ಜಾಸ್ತಿ. ಎರಡನೇದಕ್ಕೆ ಒಂದು ಫೋನು, ಒಬ್ಬ ಎಡಿಟಿಂಗ್ ಹುಡುಗ, ರೀಲ್ ಹೆಚ್ಚು ಜನಕ್ಕೆ ತೋರ್ಸೋಕೆ ದಿನಕ್ಕೆ ಇಷ್ಟು ಅಂತ ಬೂಸ್ಟ್ ದುಡ್ಡು ಸಾಕು. ಯಾರಾದ್ರೂ ಎರಡನೇದನ್ನೇ ಹಿಡೀತಾರೆ, ಅವ್ರೇನು ಕೆಟ್ಟವರು ಅಂತಲ್ಲ.

ಅದಕ್ಕಿಂತ ನಂಗೆ ಹೆಚ್ಚು ತಲೆ ಕೊರೆದಿದ್ದು ಕ್ಲಾಸ್ ಒಳಗೆ ಏನಾಗುತ್ತೆ ಅನ್ನೋದು. ಆ 37 ಗೆರೆ ಯಾಕೆ 37 ಅಂತ ಬಿಡಿಸಿ ನೋಡ್ದೆ. ಹತ್ತು ನಿಮಿಷ ಲೇಟ್ ಶುರು. ಹನ್ನೆರಡು ನಿಮಿಷ ಸುತ್ತು ಹಾಕಿ ವಾರ್ಮಪ್, ಬಾಲ್ ಇಲ್ದೆ. ಆಮೇಲೆ 13 ಮಕ್ಕಳ ಎರಡು ಸಾಲು, ಮುಂದಿನವನು ಕೋನ್ ಸುತ್ತಿ ಬರೋ ತನಕ ಹಿಂದಿನ ಹನ್ನೆರಡು ಮಕ್ಕಳು ಒಬ್ರನ್ನೊಬ್ರು ತಳ್ಳಾಡ್ತಾ ನಿಂತಿರ್ತಾರೆ. ರೀಲ್‌ಗೆ ಒಂಬತ್ತು ನಿಮಿಷ. ಕೊನೆಗೆ "ಮ್ಯಾಚ್" ಅಂತ 13ಕ್ಕೆ 13, ಅಷ್ಟು ಸಣ್ಣ ಜಾಗದಲ್ಲಿ. ಬಾಲ್ ಇದ್ದ ಕಡೆ ಇಪ್ಪತ್ತು ಮಕ್ಕಳ ಗುಂಪು, ನನ್ನ ಮಗಳು ಆ ಗುಂಪಿನ ಹೊರಗೆ. ಮ್ಯಾಚಲ್ಲಿ ಅವಳಿಗೆ ಬಾಲ್ ಸಿಕ್ಕಿದ್ದು ಎರಡೇ ಸಲ.

ಅದೇ ಟರ್ಫನ್ನ ಕೋನ್ ಇಟ್ಟು ಮೂರು ಭಾಗ ಮಾಡಿ, ಮೂರು ಬಾಲ್ ಬಿಟ್ಟು, ನಾಲ್ಕಕ್ಕೆ ನಾಲ್ಕು ಆಡಿಸಿದ್ರೆ 24 ಮಕ್ಕಳು ಒಟ್ಟಿಗೆ ಆಡ್ತಾರೆ, ಇಬ್ಬರು ಬದಲಿ. ಒಂದು ಪೈಸೆ ಖರ್ಚಿಲ್ಲ. ಫುಟ್ಸಾಲ್‌ನ ಇಡೀ ಐಡಿಯಾನೇ ಅದು, ಕಡಿಮೆ ಜನ, ಸಣ್ಣ ಜಾಗ, ಜಾಸ್ತಿ ಟಚ್. ಇದು ಕೋಚ್‌ಗೆ ಗೊತ್ತಿಲ್ಲ ಅನ್ಕೋಬೇಡಿ, ನಾನು ಕೇಳ್ದಾಗ ಅವ್ರೇ ಹೇಳಿದ್ದು, "ಗೊತ್ತು ಸರ್, ಆದ್ರೆ ವಿಡಿಯೋದಲ್ಲಿ ಅದು ಗಜಿಬಿಜಿ ಕಾಣುತ್ತೆ, ಪೇರೆಂಟ್ಸ್ ನೋಡಿ ಏನಿದು ಸುಮ್ನೆ ಆಡೋಕೆ ಬಿಟ್ಟಿದಾರೆ ಅಂತಾರೆ." ಅಲ್ಲಿಗೆ ವಿಷಯ ಗೊತ್ತಾಯ್ತು. ಮಕ್ಕಳು ನಿಜವಾಗಿ ಕಲಿಯೋ ಆಟ ಕ್ಯಾಮೆರಾದಲ್ಲಿ ಜಾತ್ರೆ ಥರ ಕಾಣುತ್ತೆ. ನೆಲಕ್ಕೆ ಹಾಸಿದ ಲ್ಯಾಡರ್ ಮೇಲೆ ಟಕಟಕ ಹೆಜ್ಜೆ ಇಡೋದು, ಬಣ್ಣಬಣ್ಣದ ಕೋನ್ ಮಧ್ಯೆ ಒಂದೇ ಸಾಲಲ್ಲಿ ಹೋಗೋದು ಡ್ರೋನ್ ಶಾಟಲ್ಲಿ ಚೆಂದ ಕಾಣುತ್ತೆ. ಚೆಂದ ಕಾಣೋದು ದಿನಾ ಕ್ಲಾಸಲ್ಲಿ ಉಳ್ಕೊಳ್ಳುತ್ತೆ. ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಇಲ್ಲಿ ಹಿಟ್ಟಿನ ದುಡ್ಡೇ ಮಲ್ಲಿಗೆಗೆ ಹೋಗ್ತಿದೆ.

ಈ ಆಟಕ್ಕೆ ನಮ್ಮ ದೇಶದಲ್ಲಿ ಮಾರ್ಕೆಟಿಂಗ್ ಮೊದಲು ಬಂತು, ಆಟ ಆಮೇಲೆ ಬಂತು ಅನ್ನೋದೂ ನೆನಪಿರ್ಲಿ. 2016ರಲ್ಲಿ ಪ್ರೀಮಿಯರ್ ಫುಟ್ಸಾಲ್ ಅಂತ ಲೀಗ್ ಬಂದಿತ್ತಲ್ಲ, ಫಿಗೊ, ರೊನಾಲ್ಡಿನ್ಯೊ, ಗಿಗ್ಸ್ ಅಂಥ ಫುಟ್‌ಬಾಲ್ ಸ್ಟಾರ್‌ಗಳೆಲ್ಲ ಬಂದ್ರು, ನಮ್ಮ ಬೆಂಗಳೂರು ಟೀಮಲ್ಲಿ ಪಾಲ್ ಸ್ಕೋಲ್ಸ್, ಇಡೀ ಲೀಗ್‌ಗೆ ಬ್ರ್ಯಾಂಡ್ ಅಂಬಾಸಿಡರ್ ವಿರಾಟ್ ಕೊಹ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದ್ರೆ ಎಐಎಫ್‌ಎಫ್, ಅದಕ್ಕೆ ಮಾನ್ಯತೆ ಕೊಟ್ಟಿರ್ಲಿಲ್ಲ, ಎರಡು ಸೀಸನ್ ಆದ್ಮೇಲೆ ನಿಂತೋಯ್ತು. ಎಐಎಫ್‌ಎಫ್ ತನ್ನದೇ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಶಿಪ್ ಶುರು ಮಾಡಿದ್ದು 2021ರಲ್ಲಿ, ದೆಹಲಿಯಲ್ಲಿ. ಭಾರತದ ಫುಟ್ಸಾಲ್ ತಂಡ ಮೊದಲ ಸಲ ಏಷ್ಯನ್ ಕಪ್ ಕ್ವಾಲಿಫೈಯರ್ ಆಡಿದ್ದು 2023ರಲ್ಲಿ. ಅಂದ್ರೆ ಈ ದೇಶದಲ್ಲಿ ಫುಟ್ಸಾಲ್ ಇನ್ನೂ ಅಂಬೆಗಾಲಿಡ್ತಿರೋ ಕೂಸು. ಅಂಥದ್ರಲ್ಲಿ ಹತ್ತು ವರ್ಷದ ಮಗುವಿಗೆ "ಪ್ರೊಫೆಷನಲ್ ಪಾಥ್‌ವೇ" ಇದೆ ಅಂತ ರೀಲ್ ಹೇಳಿದ್ರೆ, ಆ ಪಾಥ್‌ವೇ ಯಾವ ಕಡೆ ಹೋಗುತ್ತೆ ಅಂತ ಕೇಳ್ಬೇಕಾಗುತ್ತೆ.

ಹೋಗೋದು ಸ್ಪೇನ್‌ಗೆ, ಅವ್ರ ಪ್ರಕಾರ. "ಸ್ಪೇನ್ ಟ್ರಯಲ್ಸ್" ಅನ್ನೋದು ಈ ಜಾಹೀರಾತುಗಳ ಕೊನೇ ಸ್ಲೈಡು. ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ಆಟಗಾರರ ವರ್ಗಾವಣೆ ನಿಯಮದಲ್ಲಿ 19ನೇ ಕಲಂ ಅಂತಿದೆ, ಅದ್ರ ಪ್ರಕಾರ 18 ತುಂಬದ ಆಟಗಾರನ ಅಂತಾರಾಷ್ಟ್ರೀಯ ವರ್ಗಾವಣೆಗೆ ಅವಕಾಶ ಇಲ್ಲ. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ರೆ ಅಂತ ಕೆಲವು ವಿನಾಯಿತಿ ಇದೆ, ಅಷ್ಟೇ. ಹಾಗಾಗಿ ಹತ್ತು ಹನ್ನೆರಡು ವರ್ಷದ ಮಗುನ ಕರ್ಕೊಂಡು ಹೋದ್ರೆ ಅದು ಟೂರ್, ಚೆನ್ನಾಗಿರೋ ಟೂರೇ ಇರ್ಬೋದು, ಸ್ಟೇಡಿಯಂ ನೋಡ್ಕೊಂಡು ಒಂದು ವಾರ ಆಡ್ಕೊಂಡು ಬರ್ಬೋದು. ಅಲ್ಲಿ ಯಾವ ಕ್ಲಬ್ಬೂ ಅವನನ್ನ ಸೈನ್ ಮಾಡ್ಕೊಂಡು ಇಟ್ಕೊಳ್ಳಲ್ಲ.

"ಸ್ಟೇಟ್ ಪ್ಲೇಯರ್", "ನ್ಯಾಷನಲ್ ಚಾಂಪಿಯನ್" ಅನ್ನೋದೂ ಹಂಗೇ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಆರಿಸೋ ತಂಡ ಒಂದು, ಸ್ಕೂಲ್ ಗೇಮ್ಸ್‌ನಲ್ಲಿ ರಾಜ್ಯದ ಪರ ಆಡೋದು ಇನ್ನೊಂದು, ದುಡ್ಡು ಕಟ್ಟಿ ಗೋವಾಗೆ ಹೋಗಿ ಆರು ಟೀಮಿನ ಟೂರ್ನಮೆಂಟ್ ಆಡಿ ಬರೋದು ಮತ್ತೊಂದು. ಮೂರಕ್ಕೂ ರೀಲಲ್ಲಿ ಒಂದೇ ಹೆಸರು. ಫುಟ್ಸಾಲ್‌ಗೆ ಜಗತ್ತಲ್ಲೇ ಫಿಫಾ ಬಿಟ್ರೆ ಎಎಂಎಫ್ ಅಂತ ಇನ್ನೊಂದು ಸಂಸ್ಥೆ ಬೇರೆ ಇದೆ, ಅವ್ರದ್ದೇ ರೂಲ್ಸು, ಅವ್ರದ್ದೇ ವರ್ಲ್ಡ್ ಕಪ್ಪು. ಸರ್ಟಿಫಿಕೇಟ್ ಮೇಲೆ ಯಾರ ಸೀಲಿದೆ ಅಂತ ಓದೋ ಅಭ್ಯಾಸ ನಮಗಿಲ್ಲ. ಕೋಚ್ ಲೈಸೆನ್ಸೂ ಅಷ್ಟೇ, ಎಐಎಫ್‌ಎಫ್‌ನಲ್ಲಿ ಡಿ ಲೈಸೆನ್ಸ್ ಅಂದ್ರೆ ಕೆಳಗಿನ ಮೆಟ್ಟಿಲುಗಳಲ್ಲೊಂದು, ಅದ್ರ ಮೇಲೆ ಸಿ, ಬಿ, ಎ, ಪ್ರೊ ಇದೆ. ಫುಟ್ಸಾಲ್ ಕೋಚಿಂಗ್‌ಗೆ ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ಫುಟ್ಸಾಲ್ ಲೆವೆಲ್ 1 ಅಂತ ಬೇರೆ ಕೋರ್ಸೇ ಇದೆ. "ಲೈಸೆನ್ಸ್ಡ್ ಕೋಚಸ್" ಅಂತ ಬರೆದಿರೋ ಕಡೆ, ವಾರಕ್ಕೆ ಮೂರು ದಿನ ನಮ್ಮ ಮಗುವಿನ ಮುಂದೆ ನಿಲ್ಲೋರ ಹತ್ರ ಯಾವುದಿದೆ ಅಂತ ಕೇಳಿ. ಬ್ಯಾನರ್ ಮೇಲಿರೋ ಹೆಡ್ ಕೋಚ್‌ನ ನಾನು ಏಳು ತಿಂಗಳಲ್ಲಿ ಎರಡು ಸಲ ನೋಡಿದೀನಿ, ಎರಡೂ ಸಲ ಟ್ರೈಪಾಡ್ ಇತ್ತು.

ಕಾನೂನು ಏನು ಹೇಳುತ್ತೆ ಅಂತ ಹುಡುಕಿದಾಗ ಒಂದು ತಮಾಷೆ ಸಿಕ್ತು. ನೀಟು, ಐಎಎಸ್ಸು ಅಂತ ಟಾಪರ್‌ಗಳ ಫೋಟೋ ಹಾಕೋ ಕೋಚಿಂಗ್ ಸೆಂಟರ್‌ಗಳ ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಲ್ಲಿ ಮಾರ್ಗಸೂಚಿ ತಂತು, ಆಯ್ಕೆಯಾದ ವಿದ್ಯಾರ್ಥಿ ಒಪ್ಪಿಗೆ ಇಲ್ದೆ ಫೋಟೋ, ವಿಡಿಯೋ, ಹೆಸರು ಬಳಸಂಗಿಲ್ಲ, ಆ ಒಪ್ಪಿಗೆನೂ ಆಯ್ಕೆ ಆದ್ಮೇಲೆ ತಗೋಬೇಕು, ಮೊದಲೇ ಅಡ್ಮಿಷನ್ ಫಾರಂನಲ್ಲಿ ಸೈನ್ ಮಾಡಿಸ್ಕೊಂಡ್ರೆ ನಡೆಯಲ್ಲ. ಎಷ್ಟು ಚೆನ್ನಾಗಿದೆ ಅಲ್ವ? ಆದ್ರೆ ಅದೇ ಮಾರ್ಗಸೂಚಿಯಲ್ಲಿ ಕೋಚಿಂಗ್ ಅಂದ್ರೇನು ಅನ್ನೋ ಕಡೆ ಕ್ರೀಡೆ, ಡ್ಯಾನ್ಸು, ನಾಟಕ ಇವನ್ನ ಹೊರಗಿಟ್ಟಿದಾರೆ. ಓದೋ ಹುಡುಗನ ಫೋಟೋಗೆ ಇರೋ ಮರ್ಯಾದೆ ಆಡೋ ಹುಡುಗಿ ಫೋಟೋಗಿಲ್ಲ.

ಹಂಗಂತ ಏನೂ ಇಲ್ಲ ಅಂತಲ್ಲ. ದಾರಿ ತಪ್ಪಿಸೋ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಎಲ್ರಿಗೂ ಅನ್ವಯ ಆಗುತ್ತೆ, ಮೊದಲ ಸಲಕ್ಕೆ 10 ಲಕ್ಷದವರೆಗೂ ದಂಡ ಹಾಕೋ ಅಧಿಕಾರ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡ್ಬೋದು, ಜಿಲ್ಲಾ ಗ್ರಾಹಕ ಆಯೋಗಕ್ಕೆ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕನೂ ಇಲ್ಲ. ಮೂರು ತಿಂಗಳ ಒಂಬತ್ತು ಸಾವಿರ ಫೀಸಿಗೆ ಯಾರು ಓಡಾಡ್ತಾರೆ ಅನ್ನೋದೇ ಇವ್ರ ಧೈರ್ಯ. ಮಕ್ಕಳ ಡೇಟಾ ವಿಷಯಕ್ಕೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ, 18 ವರ್ಷದೊಳಗಿನವರಿಗೆ ಅಪ್ಪ ಅಮ್ಮನ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು ಅಂತ ಅದ್ರಲ್ಲಿದೆ. ನಿಯಮ ಪ್ರಕಟ ಆಗಿದ್ದು 2025ರ ನವೆಂಬರಲ್ಲಿ, ಮುಖ್ಯ ಭಾಗಗಳು ಜಾರಿಗೆ ಬರೋದು ಅಲ್ಲಿಂದ 18 ತಿಂಗಳಿಗೆ.

ಇದೆಲ್ಲ ಯಾಕೆ ಹುಡುಕಿದೆ ಅಂದ್ರೆ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸೋ ಮೆಟಾದವ್ರದ್ದು ಆಡ್ ಲೈಬ್ರರಿ ಅಂತ ಒಂದು ಪೇಜ್ ಇದೆ, ಯಾರು ಬೇಕಾದ್ರೂ ತೆರೆದು ಯಾವ ಪೇಜ್ ಈಗ ಯಾವ ಜಾಹೀರಾತು ಓಡಿಸ್ತಿದೆ, ಯಾವತ್ತಿಂದ ಓಡಿಸ್ತಿದೆ ಅಂತ ನೋಡ್ಬೋದು. ಒಂದು ರಾತ್ರಿ ನಮ್ಮ ಅಕಾಡೆಮಿ ಹೆಸರು ಹೊಡೆದು ನೋಡ್ದೆ. ನಾಲ್ಕು ಜಾಹೀರಾತು. ಒಂದ್ರಲ್ಲಿ ನನ್ನ ಮಗಳು, ಕೈ ಕಟ್ಕೊಂಡು ನಿಂತಿದಾಳೆ. ಇನ್ನೊಂದ್ರಲ್ಲಿ ಇದ್ದ ಹುಡುಗ ಹೋದ ವರ್ಷನೇ ಅಕಾಡೆಮಿ ಬಿಟ್ಟು ಟೇಬಲ್ ಟೆನ್ನಿಸ್‌ಗೆ ಸೇರ್ಕೊಂಡವನು. ಅವರಮ್ಮನಿಗೆ ಸ್ಕ್ರೀನ್‌ಶಾಟ್ ಕಳ್ಸಿದೆ, "ಅಯ್ಯೋ ಅಣ್ಣ, ಕಾಲಿಗೆ ಪೆಟ್ಟಾಗಿ ಆರು ವಾರ ಮನೇಲಿದ್ದಾಗ ಒಂದು ಫೋನ್ ಮಾಡ್ಲಿಲ್ಲ ಇವ್ರು, ಈಗ ನೋಡಿದ್ರೆ ನನ್ನ ಮಗ ಅವ್ರ ಸ್ಟಾರು" ಅಂದ್ರು. ಅಡ್ಮಿಷನ್ ಫಾರಂ ತೆಗೆದು ನೋಡಿದ್ರೆ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಫೋಟೋ, ವಿಡಿಯೋ ಬಳಸ್ಕೊಳ್ಳೋಕೆ ಒಪ್ಪಿಗೆ ಇದೆ ಅಂತ ಒಂದು ಸಾಲು, ಕೆಳಗೆ ನನ್ನದೇ ಸೈನು. ಮಗಳನ್ನ ಸೇರಿಸಿದ ದಿನ ಟೋಕನ್ ದುಡ್ಡು ಕೊಟ್ಟು ಅರ್ಜೆಂಟಲ್ಲಿ ಸೈನ್ ಮಾಡಿದ್ದು.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ ಬಿಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ 2-1ರಲ್ಲಿ ಸೋತಾಗ ಭಾರತದ ಆ ಒಂದು ಗೋಲ್ ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರೇ. ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಆಸ್ಟಿನ್ ಟೌನ್ ಗ್ರೌಂಡಲ್ಲಿ ಮಕ್ಕಳು ಮಣ್ಣಲ್ಲೇ ಆಡಿ ಬೆಳೆದ್ರು, ಫೀಸೂ ಇಲ್ಲ ರೀಲೂ ಇಲ್ಲ. ಈ ಮಾತು ಬಂದಾಗೆಲ್ಲ "ಆ ಕಾಲವೇ ಚೆನ್ನಾಗಿತ್ತು" ಅಂತ ಯಾರಾದ್ರೂ ಒಬ್ರು ಶುರು ಮಾಡ್ತಾರೆ. ನಂಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಆ ಮಣ್ಣಿನ ಗ್ರೌಂಡಲ್ಲಿ ನನ್ನ ಮಗಳಂಥ ಹುಡುಗಿಗೆ ಎಷ್ಟು ಜಾಗ ಇತ್ತು? ಅವಳು ಬಾಲ್ ಆಡ್ಬೇಕು ಅಂತ ಹಠ ಹಿಡಿದಿದ್ದೇ ಫೋನಲ್ಲಿ ಒಂದು ಹುಡುಗಿ ಆಡೋ ರೀಲ್ ನೋಡಿ. ಆ ಹುಡುಗಿನೂ ಕ್ಲಾಸಲ್ಲಿ ಬಲೆ ಪಕ್ಕ ಕೂತಿದ್ಲೋ ಏನೋ, ಯಾರಿಗೆ ಗೊತ್ತು.

ಕೋಚ್‌ಗಳ ಮೇಲೂ ನಂಗೆ ಸಿಟ್ಟಿಲ್ಲ. ನಮ್ಮ ಬ್ಯಾಚಿಗೆ ಕಲಿಸೋ ಕೋಚ್ ಹುಡುಗನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ಡಿವಿಷನ್ ಲೀಗ್ ಆಡ್ತಾನೆ, ಬೆಳಗ್ಗೆ ಐದಕ್ಕೆ ಎದ್ದು ಬೈಕಲ್ಲಿ ಬಾಲ್ ಬ್ಯಾಗ್ ಕಟ್ಕೊಂಡು ಬರ್ತಾನೆ, ಮೂರು ಟರ್ಫ್ ಸುತ್ತುತಾನೆ. ವಾರಕ್ಕೆ ಇಷ್ಟು ವಿಡಿಯೋ ಕಳಿಸ್ಬೇಕು ಅಂತ ಅವನಿಗೆ ಟಾರ್ಗೆಟ್ ಅಂತೆ. ಮತ್ತೆ ನಾವೇನು ಸಾಚಾ ಅಲ್ಲ. ಟ್ರಯಲ್ ಕ್ಲಾಸ್‌ಗೆ ಹೋಗೋ ಮುಂಚೆ ಪೇಜ್ ನೋಡಿದ್ದು ನಾವು, ಫಾಲೋವರ್ ಎಷ್ಟು ಅಂತ ಎಣಿಸಿದ್ದು ನಾವು, ರೀಲಲ್ಲಿ ನಮ್ಮ ಮಗು ಬಂದಿಲ್ಲ ಅಂದ್ರೆ "ಕೋಚ್, ನಮ್ಮವನದ್ದೂ ಒಂದು ಹಾಕ್ರಿ" ಅಂತ ಮೆಸೇಜ್ ಮಾಡೋದೂ ನಾವೇ. ಬಲೆ ಆಚೆ ನಿಂತ ಹನ್ನೆರಡು ಜನರಲ್ಲಿ ಟಚ್ ಎಣಿಸಿದೋನು ನಾನೊಬ್ಬನೇ, ಅದೂ ಏಳು ತಿಂಗಳಾದ್ಮೇಲೆ.

ಹೋದ ವಾರ ಐದು ಜನ ಪೇರೆಂಟ್ಸ್ ಸೇರಿ ಓನರ್‌ಗೆ ಒಂದು ಮೆಸೇಜ್ ಕಳಿಸಿದ್ವಿ. ಬ್ಯಾಚು 16 ದಾಟಬಾರ್ದು, ಕೊನೇ 25 ನಿಮಿಷ ನಾಲ್ಕಕ್ಕೆ ನಾಲ್ಕು ಆಡಿಸ್ಬೇಕು, ಶೂಟಿಂಗ್ ಇದ್ರೆ ಕ್ಲಾಸ್ ಮುಗಿದ್ಮೇಲೆ, ಜಾಹೀರಾತಿಗೆ ಮಗುವಿನ ವಿಡಿಯೋ ಹಾಕೋ ಮುಂಚೆ ಪ್ರತಿ ಸಲ ಕೇಳ್ಬೇಕು, ತಿಂಗಳು ತಿಂಗಳು ಫೀಸ್ ಕಟ್ಟೋಕೆ ಬಿಡ್ಬೇಕು. ಎರಡು ನೀಲಿ ಟಿಕ್ ಬಂದು ನಾಲ್ಕು ದಿನ ಆಯ್ತು. ನಿನ್ನೆ ಗ್ರೂಪಲ್ಲಿ ಮೆಸೇಜ್ ಬಂತು, "ಡಿಯರ್ ಪೇರೆಂಟ್ಸ್, ಮುಂದಿನ ಕ್ವಾರ್ಟರ್ ಫೀಸ್ 5ನೇ ತಾರೀಕಿನೊಳಗೆ, ರೆಫರ್ ಮಾಡಿದವರಿಗೆ 10% ಡಿಸ್ಕೌಂಟ್." ಜೊತೆಗೆ ಹೊಸ ರೀಲ್. ಈ ಸಲ ಮುಂದೆ ನಿಂತಿದ್ದು ಇನ್ನೊಬ್ಬಳು ಹುಡುಗಿ, ಅವಳು ಸೇರಿ ಒಂದು ವಾರ ಆಗಿದೆ. ಮಗಳಿಗೆ ತೋರಿಸಿದ್ರೆ, "ಸದ್ಯ, ಇನ್ಮೇಲೆ ನನ್ನ ಆಡೋಕೆ ಬಿಡ್ತಾರೆ" ಅಂದ್ಲು.